ಬಾಗಿಲ ಪಕ್ಕದ ಸೀಟು

ಮಾರ್ಚ್ ೩, ಬೆಳಗ್ಗೆ

ಮೂರನೇ ಸಲ ಬಾತ್‌ರೂಮು. ಕವಿತೆಯ ಪುಸ್ತಕವೂ ಈಗ ಅಲ್ಲೇ, ಕಿಟಕಿಯ ಕಟ್ಟೆಯ ಮೇಲೆ. ಹೊರಗಿನಿಂದ ಇವರು — "ಕವಿಗೋಷ್ಠಿ ಮುಗೀತೇನೇ? ನಂಗೂ ಆಫೀಸಿದೆ."

ಇದೇ ಹದಿನೆಂಟಕ್ಕೆ ತಂಗಿಗೆ ಗರ್ಭಕೋಶದ ಆಪರೇಷನ್. ಆರು ತಾಸು ಬಸ್ಸು. ಫೋನಿನಲ್ಲಿ ಅಂದಳು, "ಅಕ್ಕಾ, ಈ ಸಲ ಜ್ವರ, ಪರೀಕ್ಷೆ, ನೆಂಟರು ಅಂತ ಯಾವ ನೆಪಾನೂ ಬೇಡ. ಬರ್ತೀಯೋ ಇಲ್ವೋ ಅಷ್ಟು ಹೇಳು."

ಬರ್ತೀನಿ ಅಂದೆ. ಕವಿತೆಯಲ್ಲಿ ಕರುಳು ಹಿಂಡುವುದು ಬೇರೆಯವರ ದುಃಖಕ್ಕೆ. ನನ್ನದು ಬಸ್ಸಿನ ಹಾರನ್ನಿಗೆ.

ಮಾರ್ಚ್ ೫

ಕೊನೆಗೂ ಫ್ಯಾಮಿಲಿ ಡಾಕ್ಟರ ಬಳಿ. ಕಾಯುವಾಗಲೂ ಬಾಗಿಲ ಪಕ್ಕದ ಸೀಟೇ. ಸ್ಕ್ಯಾನ್ ಬರೆಯುತ್ತಾರೆಂದುಕೊಂಡಿದ್ದೆ. ಬರೀ ಪ್ರಶ್ನೆ. ಎಂದಿನಿಂದ? ಕಾಲೇಜಿನಿಂದಲೇ, ಈಗೊಂದು ವರ್ಷದಿಂದ ಜಾಸ್ತಿ. ಹೋಗಿ ಬಂದ ಮೇಲೆ ನೋವು ಇಳಿಯುತ್ತದಾ? ಹೂಂ. ರಕ್ತ? ತೂಕ ಇಳಿದಿದೆಯಾ? ನೋವಿಗೆ ರಾತ್ರಿ ಎಚ್ಚರವಾಗುತ್ತದಾ? ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್? ಇಲ್ಲ, ಇಲ್ಲ... ಹೊಟ್ಟೆ ಒತ್ತಿ ನೋಡಿದರು. ರಕ್ತ, ಮಲ ಪರೀಕ್ಷೆ ಸಾಕಂತೆ.

"ಪ್ರಯಾಣದ ದಿನ ಏನು ತಿಂತೀರ?"

"ಏನೂ ಇಲ್ಲ. ಹಿಂದಿನ ದಿನದಿಂದಲೇ ಬರೀ ಕಾಫಿ."

ಪೆನ್ನು ಕೆಳಗಿಟ್ಟರು. "ಖಾಲಿ ಹೊಟ್ಟೆಗೆ ಕಾಫಿ ಸುರಿದು ಸುಮ್ನಿರು ಅಂದ್ರೆ ಅದು ಇರತ್ತೇನಮ್ಮ?"

ಮಾರ್ಚ್ ೯

ರಿಪೋರ್ಟೆಲ್ಲ ಸರಿ. ಸಮಾಧಾನದ ಬದಲು ಸಿಟ್ಟು ಬಂತು. "ಹಾಗಾದ್ರೆ ನಂದೆಲ್ಲ ಭ್ರಮೆನಾ?"

"ನೋವು ನಿಜ. ಕರುಳಲ್ಲಿ ಗಾಯ ಇಲ್ಲ, ನಡತೆ ಕೆಟ್ಟಿದೆ. ಐಬಿಎಸ್ ಅಂತೀವಿ. ಮನಸ್ಸೂ ಕರುಳೂ ಅಕ್ಕತಂಗಿ ಥರ. ಒಬ್ಬಳು ಅತ್ರೆ ಇನ್ನೊಬ್ಬಳೂ ಶುರು."

ಸೆಳೆತಕ್ಕೆ ಮಾತ್ರೆ. ಹೊತ್ತಿಗೆ ಸರಿಯಾಗಿ ಸ್ವಲ್ಪ ಸ್ವಲ್ಪ ಊಟ. ಕಾಫಿ ಕಡಿಮೆ. ಸಂಜೆ ನಡಿಗೆ.

"ಪೂರ್ತಿ ಹೋಗತ್ತಾ?"

"ಮಾತು ಕೊಡಲ್ಲ. ಹತೋಟಿಗೆ ಬರತ್ತೆ. ಬಸ್ ಹತ್ತುವಾಗ್ಲೇ ಡ್ರೈವರ್‌ಗೆ ಹೇಳ್ಬಿಡಿ."

ಅದೊಂದು ಮಾತ್ರ ನನ್ನಿಂದಾಗದು.

ಮಾರ್ಚ್ ೧೬

ನಿನ್ನೆ ಚೆನ್ನಾಗಿತ್ತು. ಇವತ್ತು ಇಲ್ಲ. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು. ತಂಗಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು — "ನನ್ ಮೇಲೇ ಏನೋ ಮುನಿಸು ಅಂದ್ಕೊಂಡಿದ್ನಲ್ಲೇ. ಹೊಟ್ಟೆನಾ? ಥೂ ನಿನ್ನ!" ನಕ್ಕಳು. ನಗುತ್ತಲೇ ಮೂಗು ಸೀಟಿದಳು.

ಮಾರ್ಚ್ ೧೭, ಬಸ್ಸಿನಲ್ಲಿ

ತಿಂದೇ ಹೊರಟೆ. ಡ್ರೈವರ್‌ಗೆ ಮೆಲ್ಲಗೆ ಹೇಳಿದೆ. ಅವನೋ ಬಸ್ಸಿಗೆಲ್ಲ ಕೇಳುವಂತೆ, "ಅದಕ್ಯಾಕಮ್ಮ ನಾಚ್ಕೆ? ಒಂದ್ ಕೂಗು ಹಾಕಿ, ನಿಲ್ಸ್ತೀನಿ." ಹಿಂದಿನಿಂದ ಅಜ್ಜಿಯೊಬ್ಬರು, "ನಂಗೂ ನಿಲ್ಸಪ್ಪ!" ಬಾಗಿಲ ಪಕ್ಕದ ಸೀಟು ಅವರಿಗೇ ಬಿಟ್ಟುಕೊಟ್ಟೆ.

ಅರ್ಧ ದಾರಿ ದಾಟಿತು. ಈಗ ಸಣ್ಣಗೆ ಹಿಂಡುತ್ತಿದೆ... ತಂಗಿಯ ಮೆಸೇಜು: ಎಲ್ಲಿದ್ದೀಯ? ಬರ್ತಿದೀನಿ ಅಂತ ಬರೆದು — ಇಲ್ಲ, ಮೊದಲು ಡ್ರೈವರ್‌ಗೆ ಒಂದು ಕೂಗು