ಅಳದ ಕೂಸಿಗೆ ಸೊನ್ನೆ ಅಂಕ

ವಿಶೇಷ ಮಕ್ಕಳ ತಪಾಸಣಾ ಶಿಬಿರದ ಮುಖ್ಯಾಧಿಕಾರಿಗಳೇ,

ಮಾನ್ಯರೇ, ನನ್ನ ಐದು ವರ್ಷದ ಮಗಳು ಸಿಂಚನಾಳಿಗೆ ಆಟಿಸಂ ಇದೆ ಎಂದು ಬರೆದುಕೊಟ್ಟವರು ನೀವೇ. ಸಿಟ್ಟು, ಹೆದರಿಕೆ, ಅಳುಗಳನ್ನು ಹಿಡಿತದಲ್ಲಿಟ್ಟುಕೊಳ್ಳಲು ಅವಳಿಗೆ 'ತೊಂದರೆ ಇಲ್ಲ' ಎಂದು ಸೊನ್ನೆ ಅಂಕ ಹಾಕಿ, ಗಂಗಾವತಿ ಕೇಂದ್ರದ ತರಬೇತಿ ಬೇಡವೆಂದು ವಾಪಸು ಕಳಿಸಿದವರೂ ನೀವೇ. ಯಲಬುರ್ಗಾದಿಂದ ಬಸ್ಸು ಬದಲಿಸಿ ಬಂದು ನಿಮ್ಮ ಅಳತೆ ತಪ್ಪೆಂದು ಹೇಳಿದೆ. ನೀವು ಕೇಳಲಿಲ್ಲ. ಅದಕ್ಕೇ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ಮೊದಲ ತಪಾಸಣೆಯಲ್ಲಿ ನಿಮ್ಮ ಸಿಬ್ಬಂದಿ ಕೇಳಿದ್ದಿಷ್ಟು: ಕಳೆದ ತಿಂಗಳು ಕೂಸು ಎಷ್ಟು ಸಲ ಚೀರಾಡಿತು, ಸಮಾಧಾನವಾಗಲು ಎಷ್ಟು ಹೊತ್ತು ಹಿಡಿಯಿತು? ನಾನು ಬಾಯಿ ತೆರೆಯುವ ಮೊದಲೇ ನಮ್ಮತ್ತೆ ಪಕ್ಕೀರವ್ವ ಹೆಮ್ಮೆಯಿಂದ ಹೇಳಿಬಿಟ್ಟರು: "ಏನಿಲ್ಲ ಯವ್ವಾ, ಭಾಳ ಆರಾಮ ಅದಾಳ. ಒಂದ್ಸಲನೂ ಚೀರಿಲ್ಲ." ಅತ್ತೆ ಸುಳ್ಳು ಹೇಳಲಿಲ್ಲ ಸ್ವಾಮಿ. ಅವಳು ಚೀರಿರಲಿಲ್ಲ. ಯಾಕೆ ಚೀರಲಿಲ್ಲ ಎಂದು ಮಾತ್ರ ನಿಮ್ಮವರು ಯಾರೂ ಕೇಳಲಿಲ್ಲ.

ನಾನು ಹೇಳುತ್ತೇನೆ. ರೊಟ್ಟಿ ಬಡಿಯುವ ಸಪ್ಪಳ ಕಿವಿಗೆ ಬಿದ್ದರೆ ಸಾಕು, ಅವಳು ಚೀರುತ್ತ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಾಳೆ. ನಮ್ಮ ಕಡೆ ರೊಟ್ಟಿ ಬಡಿಯದ ಮನೆ ಉಂಟೇ? ನಮ್ಮದುಂಟು. ಅತ್ತೆ ದಿನಾ ಜೋಳದ ಹಿಟ್ಟು ಹೊತ್ತು ಓಣಿಯ ಆ ತುದಿಯ ಜೋಹರಾಬಿಯವರ ಮನೆಗೆ ಹೋಗಿ, ಅಲ್ಲಿ ಬಡಿದು ತರುತ್ತಾರೆ. "ಸೊಸಿ ಮೈಗಳ್ಳಿ, ಮುದುಕಿ ಕಡಿಂದ ರೊಟ್ಟಿ ಮಾಡಸ್ತಾಳ" ಎಂದು ಓಣಿಯವರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ನೆಂಟರಿಗೆ ಬರಬೇಡಿ ಎಂದಿದ್ದೇವೆ. ಬ್ಯಾಂಡಿಗೆ ಹೆದರಿ ಒಡಹುಟ್ಟಿದ ತಂಗಿಯ ಮದುವೆಗೂ ನಾನು ಹೋಗಲಿಲ್ಲ. ಅವತ್ತು ಅಡುಗೆಮನೆಯಲ್ಲಿ ಕೂತು, ಅದೂ ಸದ್ದಿಲ್ಲದೆ, ಅತ್ತಿದ್ದೇನೆ. ಹೀಗೆ ನಾಲ್ಕು ಗೋಡೆಗಳ ನಡುವೆ ಉಸಿರು ಬಿಗಿಹಿಡಿದು ಬದುಕುವುದಕ್ಕೆ ನಿಮ್ಮ ಇಲಾಖೆ ಇಟ್ಟ ಹೆಸರು 'ತೊಂದರೆ ಇಲ್ಲ'. ಭೇಷ್!

ಮರುತಪಾಸಣೆಗೆ ಬಂದಾಗ ನೀವೇ ಕುರ್ಚಿಯಲ್ಲಿದ್ದಿರಿ. ಇದನ್ನೆಲ್ಲ ಹೇಳಿದೆ. "ಬಾಯಿಮಾತು ನಡಿಯೂದಿಲ್ಲಮ್ಮ, ನಮ್ಮ ಮುಂದ ಅತ್ತರ ಬರ್ಕೋತೀವಿ" ಎಂದಿರಿ. ಅಳುವ ಕೂಸಿಗಷ್ಟೇ ಹಾಲು ಎಂಬುದನ್ನು ಸರ್ಕಾರಿ ನಿಯಮವನ್ನಾಗಿಸಿದ ಕೀರ್ತಿ ತಮ್ಮದು. ಅತ್ತೆಗೆ ರೇಗಿತು. ರೊಟ್ಟಿ ಬಡಿಯುವ ಸಪ್ಪಳ ಮಾಡಿಯೇ ತೋರಿಸಲೆಂದು ನಿಮ್ಮ ಮೇಜಿನ ಮೇಲೆ ಅಂಗೈ ಎತ್ತಿದರು. ಸಿಂಚನಾ ಆ ಕೈ ಕಂಡದ್ದೇ ಎರಡೂ ಕಿವಿ ಮುಚ್ಚಿಕೊಂಡು ಅಜ್ಜಿಯ ಸೆರಗಿನೊಳಗೇ ಮುಖ ಹುದುಗಿಸಿದಳು. ಅತ್ತೆ ಕೈ ಇಳಿಸಿದರು. "ನನ್ನ ಕಡಿಂದ ಆಗೂದಿಲ್ರಿ ಸಾಹೇಬ್ರ" ಎಂದರು. ನೀವು 'ಇಂದೂ ಶಾಂತ' ಎಂದು ಬರೆದಿರಿ.

ಈಗ ನಾವೇನು ಮಾಡಬೇಕು, ಹೇಳಿ. ಬೇಕಂತಲೇ ಕೂಸನ್ನು ಅಳಿಸಿದರೆ ನಾನೆಂಥ ತಾಯಿ? ಅಳಿಸದಿದ್ದರೆ ತರಬೇತಿ ಇಲ್ಲ. ನುಂಗಾಕೂ ಆಗವಲ್ದು, ಉಗುಳಾಕೂ ಆಗವಲ್ದು. ಜೂನ್ ತಿಂಗಳಲ್ಲಿ ಅವಳು ಶಾಲೆಗೆ ಹೋಗಬೇಕು. ನಮ್ಮ ಮನೆಯ ಸದ್ದನ್ನು ನಾವು ಅಡಗಿಸಬಲ್ಲೆವು. ಶಾಲೆಯ ಗಂಟೆಯನ್ನು, ಅಷ್ಟೊಂದು ಮಕ್ಕಳ ಗದ್ದಲವನ್ನು ಅಡಗಿಸಲು ನಾವ್ಯಾರು? ತನ್ನನ್ನು ತಾನು ಸಂತೈಸಿಕೊಳ್ಳುವುದನ್ನು ಅಷ್ಟರೊಳಗೆ ಯಾರಾದರೂ ಅವಳಿಗೆ ಕಲಿಸಲೇಬೇಕು. ನನಗೆ ಗೊತ್ತಿಲ್ಲ, ಗೊತ್ತಿದ್ದವರ ಬಾಗಿಲಿಗೆ ನೀವು ಅಡ್ಡ ನಿಂತಿದ್ದೀರಿ.

ನನ್ನ ಬೇಡಿಕೆ ದೊಡ್ಡದಲ್ಲ. ಕೂಸು ಎಷ್ಟು ಅತ್ತಿತು ಎಂದು ಕೇಳುವಾಗ, ಅದು ಅಳದಿರಲೆಂದು ಮನೆಯವರು ಏನೇನು ಬಿಟ್ಟರು ಎಂದೂ ಕೇಳಿ. ಶಾಲೆ ಶುರುವಾಗುವ ಮುಂಚೆ ನಮ್ಮ ಮನೆಗೇ ಬಂದು ಸಿಂಚನಾಳನ್ನು ನೋಡಿ. ಆಗದಿದ್ದರೆ, ಆಗುವುದಿಲ್ಲವೆಂದು ಬರೆದು ಸಹಿ ಹಾಕಿ ಕೊಡಿ. ಅವಳು ತರಗತಿಯಲ್ಲಿ ಚೀರಿದ ದಿನ ಹೆಡ್‌ಮಾಸ್ತರರು ನನ್ನನ್ನು ಕರೆಸಿ, "ಇಷ್ಟು ದಿನ ಏನ್ ಮಾಡಾಕ್ಹತ್ತಿದ್ರಿ ತಾಯಿ?" ಎಂದು ಕೇಳಿಯೇ ಕೇಳುತ್ತಾರೆ. ಅವರ ಕೈಗೆ ನಿಮ್ಮ ಸಹಿ ಕೊಟ್ಟು, ನನ್ನ ಕೂಸನ್ನು ಎತ್ತಿಕೊಂಡು ಮನೆಗೆ ಬರುತ್ತೇನೆ.

ಇಂತಿ,
ಕೂಸು ಮಲಗಿದೆಯೆಂದು ಈ ಪುಟವನ್ನೂ ಮೆಲ್ಲಗೆ ಮಡಚುತ್ತಿರುವ
ಮಲ್ಲೇಶ್ವರಿ, ಯಲಬುರ್ಗಾ