ಟೇಪಿನ ಈ ತುದಿ

ಮನೆಯಿಂದ,
ಗುರುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ಬೆಸುಗೆಯ ಕಿಡಿ ಬಿದ್ದ ಕೈ ವಾಸಿಯಾಯಿತೇ? ಗಾಯಕ್ಕೆ ಗ್ರೀಸು ತಾಗಿಸಬೇಡ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ ಎಂದು ಕೇಳುವುದಿಲ್ಲ. ಕೇಳಿದರೆ ನಿಮ್ಮಪ್ಪನ ಹಾಗೆಯೇ ‘ಆಯ್ತು ಆಯ್ತು’ ಎಂದುಬಿಡುತ್ತೀಯ. ನನ್ನ ಮಂಡಿನೋವು ಇದ್ದಲ್ಲೇ ಇದೆ. ಈ ವಾರ ಶಾಲೆಯ ಸಮವಸ್ತ್ರಗಳು ಹೊಲಿಗೆಗೆ ಬಂದಿವೆ. ಮೆಷಿನ್ನಿನ ಮುಂದೆ ಕೂತರೆ ಹೊತ್ತು ಹೋಗುತ್ತದೆ, ಎದ್ದರೆ ಮಾತ್ರ ಕಷ್ಟ. ಕಾರನ್ನು ನೀನು ಲಾರಿಗೆ ಹೇರಿ ಒಯ್ದ ಮೇಲೆ ಶೆಡ್ಡು ಬರಿದಾಗಿದೆ. ಬಾಗಿಲು ತೆಗೆದರೆ ಆಯಿಲ್ಲಿನ ವಾಸನೆ ಮಾತ್ರ ಎದುರಿಗೆ ಬರುತ್ತದೆ.

ಭಾನುವಾರಕ್ಕೆ ನಿಮ್ಮಪ್ಪ ಹೋಗಿ ಒಂದು ವರ್ಷ. ಬಿಡಿಭಾಗಗಳ ಕಿಟ್ಟು ತರಿಸಿ ಅವರೇ ಕೈಯಾರೆ ಜೋಡಿಸಿದ ಆ ಕಾರನ್ನು ಅಂದು ಬೆಟ್ಟದ ರಸ್ತೆಯಲ್ಲಿ ಓಡಿಸುತ್ತೇನೆ ಎಂದೆಯಲ್ಲ, ಆಗಿನಿಂದ ಹೊಲಿದದ್ದನ್ನೇ ಬಿಚ್ಚಿ ಮತ್ತೆ ಹೊಲಿಯುತ್ತಿದ್ದೇನೆ. ಫೋನಿನಲ್ಲಿ ಹೇಳಹೋದರೆ ‘ಅಮ್ಮಾ, ನೀನು ಸೈಕಲ್ಲಿಗೂ ಹೆದರೋಳು’ ಎಂದು ನಕ್ಕು ಫೋನಿಡುತ್ತೀಯ. ಎದುರುಮನೆಯ ಲಾರಿ ಡ್ರೈವರು ನಾಳೆ ನಿಮ್ಮ ಕಡೆ ಬರುತ್ತಾರೆ. ಅವರ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ನಿನಗೆ ಹೇಳದೆ ಇಟ್ಟುಕೊಂಡ ಒಂದು ಸಂಗತಿಯಿದೆ. ನಿಮ್ಮಪ್ಪ ಆ ಕಾರನ್ನು ಒಂದೇ ಒಂದು ಸಲ ಓಡಿಸಿದ್ದರು, ಮುಚ್ಚಿಹೋದ ಕಾರ್ಖಾನೆಯ ಮೈದಾನದಲ್ಲಿ. ನಾನು ಗೋಡೆಯ ಪಕ್ಕ ನಿಂತಿದ್ದೆ. ನೇರ ಹೋಗುವಾಗ ಚೆನ್ನಾಗಿಯೇ ಇತ್ತು. ತಿರುಗಿಸಿದ್ದೇ ತಡ, ಹಿಂಭಾಗ ಹೊರಕ್ಕೆ ಜಾರಿ, ಬುಗುರಿಯಂತೆ ಸುತ್ತಿ, ನನಗೆ ಮುಖ ಮಾಡಿ ನಿಂತಿತು. ಇಳಿದು ಬಂದವರು ‘ನೋಡು, ನಿನ್ನ ನೋಡೋಕೆ ತಾನಾಗೇ ತಿರುಗ್ತು’ ಎಂದರು. ನೆಲ ಒದ್ದೆಯಿತ್ತು, ಅದಕ್ಕೇ ಜಾರಿತು, ಮಗಳಿಗೆ ಹೇಳಬೇಡ ಎಂದರು. ನಾನು ಹೇಳಲಿಲ್ಲ. ನೆಲ ಒದ್ದೆಯಿರಲಿಲ್ಲ, ನನ್ನ ಚಪ್ಪಲಿಯ ತುಂಬ ಧೂಳಿತ್ತು. ಅದಾದ ಆರು ದಿನಕ್ಕೆ ಎದೆನೋವು ಎಂದು ಆಸ್ಪತ್ರೆ ಸೇರಿದರು. ಮುಂದಿನದನ್ನು ನೀನೇ ನೋಡಿದ್ದೀಯ.

ಹೋದ ವಾರ ಕಾರು ಒಯ್ಯಲು ಬಂದಾಗ ನನ್ನ ಮೆಷಿನ್ನಿನ ಪಕ್ಕ ಕೂತು ವಿವರಿಸಿದೆಯಲ್ಲ: ‘ಎಡಚಕ್ರದ ಮಧ್ಯದಿಂದ ಬಲಚಕ್ರದ ಮಧ್ಯಕ್ಕೆ ಎಷ್ಟು ಅಗಲ ಅನ್ನೋದು ಮುಖ್ಯ ಅಮ್ಮಾ. ಹಿಂದೆ ಕಡಿಮೆ ಆದ್ರೆ ತಿರುವಲ್ಲಿ ಹಿಂದಿನ ಭಾರ ಜಾಸ್ತಿ ಹೊರಗಿನ ಚಕ್ರಕ್ಕೇ ಬೀಳುತ್ತೆ, ಹಿಡಿತ ತಪ್ಪಿ ಬಾಲ ಜಾರುತ್ತೆ. ನಮ್ದು ಹಿಂದೆ ಮುಂದೆ ಎರಡೂ ಸಮ, ಅಪ್ಪ ಬರೆದಿಟ್ಟಿದ್ದಾರೆ.’ ನಾನು ತಲೆಯಾಡಿಸಿದೆ. ಆದರೆ ‘ಮಧ್ಯ’ ಎಂಬ ಆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು. ಕಾರು ಜೋಡಿಸುವಾಗ ನಿಮ್ಮಪ್ಪ ಆ ಅಗಲ ಅಳೆದ ದಿನ ಟೇಪು ನನ್ನದು. ಅವರು ಆ ಬದಿ, ನಾನು ಈ ಬದಿ. ಎಲ್ಲಿ ಹಿಡಿಯಬೇಕೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಬಟ್ಟೆಯನ್ನು ಅಂಚಿನಿಂದ ಅಂಚಿಗೆ ಅಳೆದ ಕೈ. ಟೈರಿನ ಹೊರ ಅಂಚಿಗೇ ಹಿಡಿದೆ. ಅದನ್ನು ನೋಡಿ ಅವರೂ ಹಾಗೆಯೇ ಹಿಡಿದರು. ಮುಂದೆ ಅರವತ್ತಾರು ಇಂಚು ಬಂತು. ಹಿಂದೆಯೂ ಅಷ್ಟೇ ಬರಲೆಂದು ಗುಜರಿಯಿಂದ ತಂದ, ಹಿಂದಿನ ಎರಡು ಚಕ್ರ ಕೂಡಿಸುವ ಆಕ್ಸಲನ್ನು ಕತ್ತರಿಸಿ ಬೆಸೆದರು. ಆದರೆ ಹಿಂದಿನ ಟೈರು ಮುಂದಿನದಕ್ಕಿಂತ ಅಗಲವಲ್ಲವೇ? ಹಾಗಾದರೆ ಹಿಂದಿನ ಚಕ್ರಗಳ ಮಧ್ಯ ಒಳಕ್ಕೆ ಸರಿಯುವುದಿಲ್ಲವೇ? ನನ್ನದು ದರ್ಜಿಯ ಲೆಕ್ಕ. ತಪ್ಪಿದ್ದರೆ ನಕ್ಕುಬಿಡು, ಬೇಸರವಿಲ್ಲ.

ಚಿಲಕ ಹಾಕಿಕೊಂಡು ಮಲಗು. ನಿಮ್ಮಪ್ಪನ ಕೈ ನಿನ್ನ ತಲೆಯ ಮೇಲಿರಲಿ.

ನಿನ್ನ
ಅಮ್ಮ

ಇನ್ನೊಂದು ಮಾತು: ಲಕೋಟೆ ಅಂಟಿಸಲು ಕೈ ಬರಲಿಲ್ಲ, ಶೆಡ್ಡಿಗೆ ಹೋಗಿ ಬಂದೆ. ಕಾರು ವರ್ಷವಿಡೀ ನಿಂತಿದ್ದ ಕಡೆ ನಾಲ್ಕು ಟೈರುಗಳ ಕರಿಗುರುತು ಸಿಮೆಂಟಿನ ಮೇಲೆ ಹಾಗೇ ಇದೆ. ಪ್ರತಿ ಗುರುತಿನ ಮಧ್ಯಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಟೇಪಿನ ಆ ತುದಿಯ ಮೇಲೆ ಅವರ ಸುತ್ತಿಗೆ ಇಟ್ಟು ಅಳೆದೆ. ಮುಂದೆ ಅರವತ್ತು ಇಂಚು, ಹಿಂದೆ ಐವತ್ತೆಂಟು. ಮೂರು ಸಲ ಅಳೆದೆ. ಎರಡು ಸಲ ಫೋನು ಮಾಡಿದೆ, ನೀನು ಎತ್ತಲಿಲ್ಲ. ಭಾನುವಾರ ಕಾರು ತೆಗೆಯಬೇಡ ಮಗಳೇ. ಮೊದಲು ಮಧ್ಯದಿಂದ ಮಧ್ಯಕ್ಕೆ ಅಳೆದು ನೋಡು. ಇನ್ನೊಂದು ತುದಿ ಹಿಡಿಯಲು ಯಾರೂ ಇಲ್ಲದಿದ್ದರೆ ನನ್ನನ್ನು ಕರೆ, ಮುಂದಿನ ಲಾರಿಗೇ ಬರುತ್ತೇನೆ. ಈ ಸಲ ಎಲ್ಲಿ ಹಿಡಿಯಬೇಕೆಂದು ನನಗೆ ಗೊತ್ತು.