ವನ್‌ನೀ, ವಾನ್‌ನೀ

ಸುಫಾನ್‌ಬುರಿ,
ನವೆಂಬರ್ 9

ನನ್ನ ನಾನಾಯ್, ನನ್ನಮ್ಮಾ,

ನೀನೂ ಅಪ್ಪನೂ ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ. ಅತ್ತೆ ತೀರಿಕೊಂಡ ಸುದ್ದಿಯನ್ನಷ್ಟೇ ಫೋನಿನಲ್ಲಿ ಹೇಳಿದೆ. ನಡೆದದ್ದನ್ನೆಲ್ಲ ಹೇಳಲು ಬಾಯಿ ಬರಲಿಲ್ಲಮ್ಮ, ಅದಕ್ಕೇ ಬರೆಯುತ್ತಿದ್ದೇನೆ.

ಈ ಥಾಯ್ ಮಾತಿನಲ್ಲಿ ‘ವನ್‌ನೀ’ ಅಂದರೆ ಇವತ್ತು. ಅದನ್ನೇ ಒಂಚೂರು ಎಳೆದು ‘ವಾನ್‌ನೀ’ ಅಂದರೆ ನಿನ್ನೆ. ವಿಚಿಯನ್‌ನನ್ನು ಮದುವೆಯಾಗಿ ಈ ದೇಶಕ್ಕೆ ಬಂದಾಗ ನನಗೆ ಮೂವತ್ತನಾಲ್ಕು. ನನ್ನ ಬಲಿತ ಕಿವಿಗೆ ಎರಡೂ ಒಂದೇ. ಅತ್ತೆ ಬೆಳ್ಳುಳ್ಳಿ ಸುಲಿಯುತ್ತ ದಿನಾ ಹೇಳಿಕೊಡುತ್ತಿದ್ದರು. ತಪ್ಪಿದರೆ, “ಏನೇ ಹುಡುಗಿ, ಕಿವೀನ ವಿಮಾನದಲ್ಲೇ ಬಿಟ್ಟು ಇಳಿದ್ಯಾ?” ಎಂದು ನಗುತ್ತಿದ್ದರು. ಎಳೆಯುವಾಗ ಅವರ ಗದ್ದ ಕೆಳಗಿಳಿಯುತ್ತಿತ್ತು, ಅದನ್ನು ನೋಡಿ ತಿಳಿದುಕೊಳ್ಳುತ್ತಿದ್ದೆ. ಫೋನಿನಲ್ಲಿ ಗದ್ದ ಕಾಣುವುದಿಲ್ಲ.

ಹೋದ ತಿಂಗಳು ಅತ್ತೆ ತಂಗಿಯ ಊರಿಗೆ ಹೋಗಿದ್ದರು. ಒಂದು ಬೆಳಿಗ್ಗೆ ಆ ತಂಗಿ, ಬುಪ್ಫಾ ಚಿಕ್ಕಮ್ಮ, ಫೋನ್ ಮಾಡಿ, “ಅಕ್ಕ ವಾನ್‌ನೀ ಹೊರಟುಹೋದ್ಲು ಕಣೆ, ವಿಚಿಯನ್‌ಗೆ ಹೇಳು” ಅಂದರು. ಇವತ್ತು ಹೊರಟರು ಅಂತ ನನಗೆ ಕೇಳಿಸಿತು. ಚಿಕ್ಕಮ್ಮನ ದನಿ ಒಡೆದಿತ್ತು, ನೆಗಡಿ ಇರಬೇಕು ಅಂದುಕೊಂಡೆ. “ಒಳ್ಳೇದಾಯ್ತು ಚಿಕ್ಕಮ್ಮ, ತುಂಬಾ ಖುಷಿ!” ಅಂದೆ. ಆ ಕಡೆ ಫೋನ್ ಇಟ್ಟುಬಿಟ್ಟರು.

ವಿಚಿಯನ್ ಸಕ್ಕರೆ ಕಾರ್ಖಾನೆಯಲ್ಲಿದ್ದ, ಸಂಜೆ ಅಮ್ಮನನ್ನೇ ನೋಡಿ ಬೆರಗಾಗಲಿ ಎಂದು ಅವನಿಗೆ ಹೇಳಲಿಲ್ಲ. ಅತ್ತೆಗಿಷ್ಟದ ಹುಳಿ ಮೀನಿನ ಸಾರು ಮಾಡಿಟ್ಟು ಬಸ್‌ಸ್ಟ್ಯಾಂಡಿಗೆ ಹೋದೆ. ಬಂದ ಬಸ್ಸಿನ ಬಾಗಿಲಿಗೆಲ್ಲ ಓಡಿದೆ. ಕೆಲಸ ಮುಗಿಸಿ ಬರುತ್ತಿದ್ದ ವಿಚಿಯನ್ ನನ್ನನ್ನು ಕಂಡು ನಿಂತ. ಅಮ್ಮ ಬರ್ತಿದ್ದಾರೆ ಅಂದೆ. ಎಲ್ಲಿವರೆಗೆ ಬಂದಿದ್ದಾರೋ ಎಂದು ಅವನು ಚಿಕ್ಕಮ್ಮನಿಗೆ ಫೋನ್ ಹಚ್ಚಿದ. ಕೇಳುತ್ತ ಕೇಳುತ್ತ ಬೆಂಚಿನ ಮೇಲೆ ಕುಸಿದ.

ನಾವು ಚಿಕ್ಕಮ್ಮನ ಊರು ತಲುಪುವಷ್ಟರಲ್ಲಿ ಸತ್ತವರ ಕೈಗೆ ನೀರೆರೆಯುವ ಶಾಸ್ತ್ರ ಮುಗಿದು ಪೆಟ್ಟಿಗೆ ಮುಚ್ಚಿದ್ದರು. ಇದ್ದೊಬ್ಬ ಮಗ ತಾಯಿಯ ಕೈ ಮುಟ್ಟಲಿಲ್ಲ. “ಖುಷಿ ಅಂದ್ಲು ಈ ಸೊಸೆ, ನನ್ನ ಕಿವಿಯಾರೆ ಕೇಳಿದೀನಿ” ಎಂದು ಚಿಕ್ಕಮ್ಮ ಎಲ್ಲರೆದುರು ಅಂದರು. ನಾನು ಕೈಮುಗಿದು ಆದದ್ದನ್ನು ವಿವರಿಸಿದೆ. ವಿವರಿಸುವಾಗಲೂ ನನ್ನ ಬಾಯಲ್ಲಿ ಇವತ್ತು, ನಿನ್ನೆ ಎರಡೂ ಒಂದೇ ಥರ ಬಂದವು. ಯಾರಿಗೂ ಅರ್ಥವಾಗಲಿಲ್ಲ.

ವಿಚಿಯನ್ ಮಾತ್ರ, “ಬಿಡು, ನಿನ್ನ ತಪ್ಪಲ್ಲ” ಅಂದ. ಒಳ್ಳೆಯವನು ಅವನು. ನೀನು ಕೊರಗಬೇಡ.

ನಿನ್ನ ಮಗಳು,
ಮೆರ್ಲಿಂಡಾ

ಮರೆತಿದ್ದೆ: ಈಚೆಗೆ ಫೋನಿನಲ್ಲಿ ಅಳಿಯನ ದನಿಯೇ ಕೇಳಿಸಲ್ಲ, ಮನೆಯಲ್ಲಿ ಇರೋದಿಲ್ಲವಾ ಎಂದು ಕೇಳಿದ್ದೆಯಲ್ಲ. ಇರುತ್ತಾನೆ, ನನ್ನೆದುರಿಗೇ. ಊರಿಂದ ಬಂದ ಮೇಲೆ ನನಗೆ ಏನು ಹೇಳಬೇಕಾದರೂ ಚೀಟಿಯಲ್ಲಿ ಬರೆದು ಮುಂದಿಡುತ್ತಾನೆ. ‘ಊಟ ಆಯ್ತಾ’ ಅನ್ನುವುದನ್ನೂ.